ಮೂರು ಚಕ್ರದ ಹಗುರ ಕಾರು: ಟೈರು, ರಿಮ್ ಅಳತೆ ತಪ್ಪಿದರೆ ಗಾಡಿ ಏನು ಹೇಳುತ್ತದೆ?

ಮೂರು ಚಕ್ರದ ಹಗುರ ಕಾರು ಕಟ್ಟಿದವರೂ, ಹಳೆಯದನ್ನು ತಂದು ರಿಪೇರಿ ಮಾಡಿಕೊಂಡವರೂ ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ. ಸ್ಟೀರಿಂಗ್ ಎಳೆಯುತ್ತದೆ. ಸಣ್ಣ ಗುಂಡಿಗೂ ಗಾಡಿ ಕುಪ್ಪಳಿಸುತ್ತದೆ. ತಿರುವಿನಲ್ಲಿ ಎದೆ ಝಲ್ ಅನ್ನುತ್ತದೆ. ಏರಿನಲ್ಲಿ ಎಳೆಯುವುದಿಲ್ಲ. ದೂರು ಬಂದ ಕೂಡಲೇ ಸಸ್ಪೆನ್ಷನ್ ಬಿಚ್ಚಲು ಹೊರಡುವವರೇ ಜಾಸ್ತಿ. ದಯವಿಟ್ಟು ಸ್ವಲ್ಪ ತಡೆಯಿರಿ. ಎಷ್ಟೋ ಸಲ ತೊಂದರೆ ಇರುವುದು ಟೈರಿನ ಅಳತೆಯಲ್ಲಿ ಅಥವಾ ಅದರೊಳಗಿನ ಗಾಳಿಯಲ್ಲಿ. ಅದನ್ನು ನೋಡಲು ಖರ್ಚೇ ಇಲ್ಲ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಮುಂದೆ ಎರಡು, ಹಿಂದೆ ಒಂದು ಚಕ್ರ ಇರುವ, ತಿರುವಿನಲ್ಲಿ ಬೈಕಿನಂತೆ ವಾಲದ ಗಾಡಿಗೆ. ಮುಂದೆ ಒಂದೇ ಚಕ್ರ ಇರುವ ಗಾಡಿಗೆ ಎಲ್ಲಿ ಲೆಕ್ಕ ಬದಲಾಗುತ್ತದೋ ಅಲ್ಲಿ ಹೇಳಿದ್ದೇನೆ.

## ಎಲ್ಲಕ್ಕಿಂತ ಮೊದಲು: ಪ್ರತಿ ಚಕ್ರದ ಮೇಲೆ ಎಷ್ಟು ತೂಕ?

ಈ ಒಂದು ಸಂಖ್ಯೆ ಗೊತ್ತಿಲ್ಲದೆ ಟೈರ್ ಆರಿಸುವುದು ಕತ್ತಲಲ್ಲಿ ತಡಕಾಡಿದ ಹಾಗೆ. ಮನುಷ್ಯರು ನಿಂತು ತೂಕ ನೋಡುವ ಯಂತ್ರ ಎರಡಿದ್ದರೆ ಸಾಕು. ಅಕ್ಕಪಕ್ಕ ಇಟ್ಟು, ಮೇಲೊಂದು ಗಟ್ಟಿ ಹಲಗೆ ಹಾಕಿ, ಹಲಗೆಯ ಮೇಲೆ ಒಂದು ಚಕ್ರ ನಿಲ್ಲಿಸಿ. ಎರಡೂ ಯಂತ್ರದ ಅಂಕಿ ಕೂಡಿಸಿ, ಹಲಗೆಯ ತೂಕ ಕಳೆಯಿರಿ. ಉಳಿದೆರಡು ಚಕ್ರಗಳ ಕೆಳಗೂ ಅಷ್ಟೇ ದಪ್ಪದ ಹಲಗೆ ಇರಲಿ. ಇಲ್ಲದಿದ್ದರೆ ಗಾಡಿ ವಾಲಿ ಲೆಕ್ಕ ತಪ್ಪುತ್ತದೆ. ಓಡಿಸುವವರು ಸೀಟಿನಲ್ಲಿ ಕೂತಿರಬೇಕು, ಇಂಧನ ತುಂಬಿರಬೇಕು. ಬ್ಯಾಟರಿ ಗಾಡಿಯಾದರೆ ಬ್ಯಾಟರಿ ಜಾಗದಲ್ಲೇ ಇರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆಳು ಸಮೇತ 450 ಕೆಜಿ, ಮೂರೂ ಚಕ್ರಕ್ಕೆ ತಲಾ 150 ಕೆಜಿ. ಈಗ 135/80ಆರ್13 ಟೈರಿನ ಪಕ್ಕೆ ನೋಡಿ. 135 ಅಂದರೆ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಪಕ್ಕೆಯ ಎತ್ತರ, ಅಗಲದ ಶೇಕಡಾ 80. 13 ಅಂದರೆ ರಿಮ್ ಎಷ್ಟು ಇಂಚು ಅಂತ. ಅದರ ಪಕ್ಕದಲ್ಲಿ ಸಾಮಾನ್ಯವಾಗಿ 70 ಅಂತ ಇನ್ನೊಂದು ಅಂಕಿ ಇರುತ್ತದೆ. ಅದು ಭಾರದ ಸೂಚಿ. 70 ಅಂದರೆ ಆ ಟೈರು 335 ಕೆಜಿ ಹೊರಬಲ್ಲದು. ನಿಮಗೆ ಬೇಕಿರುವುದು 150, ಅಂದರೆ ಅರ್ಧಕ್ಕಿಂತ ಕಡಿಮೆ. ಕಾರಿನ ಟೈರುಗಳಲ್ಲೇ ತೀರ ಸಣ್ಣದು ಅನ್ನಿಸುವ ಅಳತೆ ಕೂಡ ಈ ಗಾಡಿಗೆ ಧಾರಾಳವಾಯಿತು. 1955ರಲ್ಲಿ ಬಂದ ಮೂರು ಚಕ್ರದ ಪುಟ್ಟ ಜರ್ಮನ್ ಕಾರು ಮೆಸ್ಸರ್‌ಶ್ಮಿಟ್ ಕೆಆರ್200 ಸುಮಾರು 230 ಕೆಜಿ ತೂಗುತ್ತಿತ್ತು, ಓಡಿದ್ದು 4.00-8 ಅಳತೆಯ ಪುಟ್ಟ ಟೈರುಗಳ ಮೇಲೆ. ಹಗುರ ಗಾಡಿಗೆ ದೊಡ್ಡ ಟೈರು ಹಾಕಿದರೆ ಆಗುವ ಒಳ್ಳೆಯದು ಕಡಿಮೆ, ತೊಂದರೆ ಜಾಸ್ತಿ. ಕೆಳಗಿನ ಲಕ್ಷಣಗಳಲ್ಲಿ ಅರ್ಧದಷ್ಟು ಅದರಿಂದಲೇ ಬರುತ್ತವೆ.

## ಗಾಡಿ ಕುಪ್ಪಳಿಸುತ್ತದೆ, ಟೈರಿನ ನಡುಭಾಗ ಮಾತ್ರ ಸವೆಯುತ್ತಿದೆ

ಗಾಳಿ ಜಾಸ್ತಿಯಾಗಿದೆ. ಮೊದಲ ಅನುಮಾನ ಇದೇ ಇರಲಿ.

ಸಾವಿರ ಕೆಜಿ ಕಾರಿಗೆ 32 ಪಿಎಸ್‌ಐ ಹಾಕುತ್ತಾರೆ ಅಂತ ನಿಮ್ಮ 450 ಕೆಜಿ ಗಾಡಿಗೂ ಅಷ್ಟೇ ಹಾಕಿದರೆ ಟೈರು ಕಲ್ಲಿನ ಹಾಗೆ ನಿಲ್ಲುತ್ತದೆ. ಪಕ್ಕೆ ಬಾಗುವುದೇ ಇಲ್ಲ. ನೆಲಕ್ಕೆ ತಾಗುವುದು ನಡುವಿನ ಪಟ್ಟಿ ಮಾತ್ರ. ಬ್ರೇಕ್ ಹಿಡಿದಾಗ ಚಕ್ರ ಬೇಗ ಲಾಕ್ ಆಗುತ್ತದೆ, ಗುಂಡಿಯ ಹೊಡೆತ ನೇರ ಬೆನ್ನಿಗೆ ಬರುತ್ತದೆ.

ಪರೀಕ್ಷೆಗೆ ಒಂದು ಸೀಮೆಸುಣ್ಣ ಸಾಕು. ಟೈರಿನ ಅಡ್ಡಕ್ಕೆ, ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪ ಗೆರೆ ಎಳೆಯಿರಿ. ಒಣ ನೆಲದ ಮೇಲೆ ನೂರು ಮೀಟರ್ ನೇರವಾಗಿ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಸುಣ್ಣ ಹೋಗಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚಿನಲ್ಲಿ ಹೋಗಿ ನಡುವೆ ಉಳಿದಿದ್ದರೆ ಕಡಿಮೆ. ಒಂದೇ ಅಂಚಿನಲ್ಲಿ ಹೋಗಿದ್ದರೆ ಅದು ಗಾಳಿಯ ಸಮಸ್ಯೆ ಅಲ್ಲ, ಚಕ್ರ ವಾಲಿ ನಿಂತಿದೆ ಅಂತ. ಅದಕ್ಕೆ ಅಲೈನ್‌ಮೆಂಟ್ ನೋಡಬೇಕು.

ಮೇಲೆ ಹೇಳಿದ ಉದಾಹರಣೆಯ ಗಾಡಿಗೆ ನಾನಾದರೆ 22 ಪಿಎಸ್‌ಐಯಿಂದ ಶುರು ಮಾಡುತ್ತೇನೆ. ಸುಣ್ಣ ನೋಡಿಕೊಂಡು ಒಂದೊಂದೇ ಪಿಎಸ್‌ಐ ಏರಿಳಿಸುತ್ತೇನೆ. ಟೈರು ತಣ್ಣಗಿರುವಾಗ ಮಾತ್ರ ಅಳೆಯಬೇಕು, ಓಡಿದ ಮೇಲೆ ಗಾಳಿಯ ಒತ್ತಡ ಏರಿರುತ್ತದೆ.

ಆದರೆ ಮೆತ್ತಗಾಗಲಿ ಅಂತ ಸುಮ್ನೆ ಇಳಿಸುತ್ತಾ ಹೋಗಬೇಡಿ. ಟೈರಿನ ಒಳ ಅಂಚು, ಅಂದರೆ ಬೀಡ್, ರಿಮ್‌ಗೆ ಕಚ್ಚಿಕೊಂಡಿರುವುದು ಗಾಳಿಯ ಒತ್ತಡದಿಂದಲೇ. ತೀರ ಕಡಿಮೆ ಇದ್ದರೆ ಗಟ್ಟಿ ತಿರುವಿನಲ್ಲಿ ಬೀಡ್ ಕಳಚಿ ಗಾಳಿ ಪೂರ್ತಿ ಹೋಗುತ್ತದೆ. 18ಕ್ಕಿಂತ ಕೆಳಗೆ ಇಳಿಸಬೇಕು ಅನ್ನಿಸಿದರೆ ಆ ಟೈರೇ ನಿಮ್ಮ ಗಾಡಿಗೆ ದೊಡ್ಡದು. ಚಿಕ್ಕ ಅಳತೆ ಹುಡುಕಿ. ಟೈರ್ ತಯಾರಕರ ಬಳಿ ಯಾವ ಭಾರಕ್ಕೆ ಎಷ್ಟು ಗಾಳಿ ಅನ್ನುವ ಪಟ್ಟಿ ಇರುತ್ತದೆ. ಅದು ಸಿಕ್ಕರೆ ಅದರ ಮಾತೇ ಕೊನೆ.

ಗಾಳಿ ಸರಿಯಿದ್ದೂ ಕುಪ್ಪಳಿಸಿದರೆ ಚಕ್ರದ ತೂಕ ನೋಡಿ. 13 ಇಂಚಿನ ಸಾದಾ ಚಕ್ರದ ಜಾಗಕ್ಕೆ ಚಂದ ಕಾಣಲಿ ಅಂತ 15 ಇಂಚಿನ ಅಗಲ ಚಕ್ರ ಹಾಕಿದರೆ ಒಂದೊಂದಕ್ಕೂ ಸುಲಭವಾಗಿ ನಾಲ್ಕೈದು ಕೆಜಿ ಕೂಡಿಕೊಳ್ಳುತ್ತದೆ. ಭಾರದ ಕಾರಿಗೆ ಇದು ಗೊತ್ತಾಗುವುದಿಲ್ಲ. ಹಗುರ ಗಾಡಿಯಲ್ಲಿ ಚಕ್ರ ಮೇಲೆ ಎದ್ದಾಗ ಮೈಯನ್ನೂ ಜೊತೆಗೆ ಎತ್ತುತ್ತದೆ. ಸ್ಪ್ರಿಂಗ್ ಬದಲಿಸಿದರೂ ಅದು ಹೋಗುವುದಿಲ್ಲ.

## ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಗುಂಡಿಗೆ ಇಳಿದರೆ ಕೈಗೆ ಹೊಡೆಯುತ್ತದೆ

ಮೊದಲು ಎರಡೂ ಮುಂದಿನ ಟೈರಿನ ಗಾಳಿ ಒಂದೇ ಇದೆಯಾ ನೋಡಿ. ಆಮೇಲೆ ಎರಡರ ಮೇಲಿನ ಬರಹ ಓದಿ. ಒಂದು 135/80ಆರ್13, ಇನ್ನೊಂದು 155/65ಆರ್13 ಇದ್ದರೆ ಎರಡಕ್ಕೂ ರಿಮ್ ಒಂದೇ ಆದರೂ ಎತ್ತರ ಬೇರೆ: ಒಂದು 546 ಮಿಮೀ, ಇನ್ನೊಂದು 532. ಗಾಡಿ ವಾಲಿ ನಿಂತು ಗಿಡ್ಡ ಚಕ್ರದ ಕಡೆಗೆ ಎಳೆಯುತ್ತದೆ. ಒಂದು ರೇಡಿಯಲ್ (ಒಳಗಿನ ದಾರ ನೇರ ಅಡ್ಡಕ್ಕೆ ಇರುವುದು), ಇನ್ನೊಂದು ಬಯಾಸ್ (ದಾರ ಓರೆಯಾಗಿರುವುದು) ಟೈರು ಮುಂದೆ ಜೋಡಿ ಹಾಕುವುದಂತೂ ಬೇಡವೇ ಬೇಡ.

ಅಳತೆ ಒಂದೇ ಇದ್ದರೆ ಎಡದ ಚಕ್ರ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಹೀಗೆ ಮಾಡಬೇಡಿ. ಎಳೆತವೂ ಬದಿ ಬದಲಿಸಿದರೆ ತಪ್ಪು ಟೈರಿನದು. ಬದಲಿಸದಿದ್ದರೆ ಬ್ರೇಕ್ ಕಚ್ಚುತ್ತಿದೆಯಾ, ಅಲೈನ್‌ಮೆಂಟ್ ಸರಿ ಇದೆಯಾ ನೋಡಬೇಕು.

ಕೈಗೆ ಹೊಡೆಯುವ ತೊಂದರೆಗೆ ಕಾರಣ ಬೇರೆ. ರಿಮ್ ಮೇಲೆ ಇಟಿ35 ಅಂತ ಒಂದು ಗುರುತು ಇರುತ್ತದೆ. ಹಬ್‌ಗೆ (ಚಕ್ರ ಬೋಲ್ಟು ಹಾಕಿ ಬಿಗಿಯುವ ನಡುಭಾಗ) ಕೂರುವ ಮುಖ ರಿಮ್‌ನ ನಡುಗೆರೆಯಿಂದ 35 ಮಿಮೀ ಹೊರಗಿದೆ ಅಂತ ಅರ್ಥ. ಅದರ ಬದಲು ಇಟಿ15 ರಿಮ್ ಹಾಕಿದರೆ ಚಕ್ರ 20 ಮಿಮೀ ಹೊರಗೆ ಬರುತ್ತದೆ. ಸ್ಟೀರಿಂಗ್ ತಿರುಗುವ ಗೂಟದಿಂದ ಟೈರು ದೂರ ಹೋದಷ್ಟೂ ಪ್ರತಿ ಕಲ್ಲಿನ ಹೊಡೆತ ಸ್ಟೀರಿಂಗ್‌ಗೆ ಬರುತ್ತದೆ, ಬೇರಿಂಗ್ ಮೇಲೆ ಭಾರವೂ ಏರುತ್ತದೆ. ಚಕ್ರ ಹೊರಗೆ ಬಂದರೆ ಗಾಡಿ ಮಗುಚುವುದು ಕಡಿಮೆಯಾಗುತ್ತದಲ್ವಾ ಅಂತ ಹಬ್ಬಿಗೂ ರಿಮ್ಮಿಗೂ ನಡುವೆ ದಪ್ಪ ಬಿಲ್ಲೆ, ಅಂದರೆ ಸ್ಪೇಸರ್, ಹಾಕುವವರಿದ್ದಾರೆ. ಅಗಲ ಬೇಕಿದ್ದರೆ ಸಸ್ಪೆನ್ಷನ್ ತೋಳು ಉದ್ದ ಮಾಡಿಸಿ. ಸ್ಟಬ್ ಆಕ್ಸಲ್‌ಗೆ (ಚಕ್ರ ಹೊರುವ ಗಿಡ್ಡ ಅಚ್ಚು) ಆ ಶಿಕ್ಷೆ ಕೊಡಬೇಡಿ.

ಚಕ್ರವನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಇಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಅಂದರೆ ಗಾಡಿ ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್ ಬರಲಿ. ಬೇರೇ ಏನನ್ನೂ ಪರೀಕ್ಷಿಸುವುದು ಬೇಡ.

## ಒಂದು ವೇಗದಲ್ಲಿ ಮಾತ್ರ ನಡುಕ

ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ಅಂಟಿದ ಮಣ್ಣು ಕೆರೆದು ತೆಗೆದು, ನಟ್ ಬಿಗಿ ನೋಡಿ, ಆಮೇಲೆ ಬ್ಯಾಲೆನ್ಸಿಂಗ್ ಮಾಡಿಸಿ. ಅದಾದರೂ ಹೋಗದಿದ್ದರೆ ರಿಮ್‌ನ ನಡುತೂತು ಹಬ್‌ಗೆ ಸರಿಯಾಗಿ ಕೂತಿದೆಯಾ ನೋಡಿ. ಬೇರೆ ಗಾಡಿಯ ರಿಮ್ ಹಾಕಿದಾಗ ತೂತು ದೊಡ್ಡದಿರುತ್ತದೆ, ಚಕ್ರ ಒಂದೆರಡು ಕೂದಲೆಳೆ ಸರಿದು ಕೂರುತ್ತದೆ. ತೂತಿಗೆ ಹೊಂದುವ ಬಳೆ ಸಿಗುತ್ತದೆ. ಬೋಲ್ಟುಗಳ ಅಂತರವೇ ಹೊಂದದಿದ್ದರೆ, ಉದಾಹರಣೆಗೆ 100 ಮಿಮೀ ವೃತ್ತದ ಹಬ್‌ಗೆ 101.6ರ ರಿಮ್ ಆದರೆ, ಎಳೆದು ಬಿಗಿಯಬೇಡಿ. ನಟ್ ಬಿಗಿಯಾದಂತೆ ಕಾಣುತ್ತದೆ, ಬೋಲ್ಟು ಬಾಗಿರುತ್ತದೆ.

ಟೈರಿನ ಪಕ್ಕೆಯಲ್ಲಿ ಉಬ್ಬು ಕಂಡರೆ ಬ್ಯಾಲೆನ್ಸಿಂಗ್ ಮಾತೇ ಇಲ್ಲ. ಒಳಗಿನ ದಾರ ಕಡಿದಿದೆ. ಆ ಟೈರು ತೆಗೆದು ಬಿಸಾಡಿ.

## ತಿರುಗಿಸಿದಾಗ ಉಜ್ಜುವ ಸದ್ದು

ಸ್ಟೀರಿಂಗ್ ಪೂರ್ತಿ ತಿರುಗಿಸಿ, ಇಬ್ಬರನ್ನು ಕೂರಿಸಿ, ಟೈರಿಗೂ ಮೈಗೂ ನಡುವೆ ಬೆರಳು ಹಾಕಿ ನೋಡಿ. ಒಂದು ಬೆರಳು ಆರಾಮಾಗಿ ಓಡಾಡಬೇಕು. ಗಾಡಿ ನಿಂತಿರುವಾಗ ಮಾತ್ರ, ಬೇರೆಯವರ ಕೈ ಸ್ಟೀರಿಂಗ್ ಮೇಲೆ ಇಲ್ಲದಾಗ. ಬ್ರೇಕ್ ಪೈಪಿಗೆ ಉಜ್ಜಿದ ಗುರುತು ಇದ್ದರೆ ಪೈಪು ಬದಲಿಸುವವರೆಗೆ ಓಡಿಸಬೇಡಿ.

## ಏರಿನಲ್ಲಿ ಎಳೆಯುವುದಿಲ್ಲ, ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ

ಹಿಂದಿನ ಒಂದು ಚಕ್ರವೇ ಗಾಡಿ ಓಡಿಸುವುದಾದರೆ ಅದರ ಎತ್ತರವೂ ಒಂದು ಗೇರಿದ್ದಂತೆ. 145/80ಆರ್10 ಟೈರಿನ ಎತ್ತರ 486 ಮಿಮೀ. ಒಂದು ಸುತ್ತಿಗೆ ಸುಮಾರು 1.53 ಮೀಟರ್ ಹೋಗುತ್ತದೆ. ಅದರ ಜಾಗಕ್ಕೆ 135/80ಆರ್13 ಬಂದರೆ ಸುತ್ತು 1.72 ಮೀಟರ್. ಅಂದರೆ ಶೇಕಡಾ 12ರಷ್ಟು ಉದ್ದದ ಗೇರ್ ಬಿದ್ದಂತಾಯಿತು. ಸ್ಪೀಡೋಮೀಟರ್ 50 ಅಂದರೆ ನೀವು 56ರಲ್ಲಿ ಹೋಗುತ್ತಿದ್ದೀರಿ. ಇಂಜಿನ್ ಆದರೆ ಏರಿನಲ್ಲಿ ಕ್ಲಚ್ ಸುಡುತ್ತದೆ. ಮೋಟಾರ್ ಆದರೆ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡಿ.

ಲೆಕ್ಕದ ಸಂಖ್ಯೆಗಿಂತ ನಿಜ ಸುತ್ತು ಸ್ವಲ್ಪ ಕಡಿಮೆಯೇ ಇರುತ್ತದೆ, ಟೈರು ಕೆಳಗೆ ಅಮುಕಿಕೊಳ್ಳುತ್ತದಲ್ವಾ. ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಆಳು ಕೂತಿರುವಾಗ ಒಂದು ಸುತ್ತು ತಳ್ಳಿ, ನೆಲದ ಮೇಲೆ ಟೇಪು ಹಿಡಿಯಿರಿ. ಆ ಅಂಕಿ ಹಿಡಿದು ಸ್ಪ್ರಾಕೆಟ್ ಬದಲಿಸಿ ಅಥವಾ ಹಳೆಯ ಎತ್ತರದ ಟೈರಿಗೇ ವಾಪಸ್ ಹೋಗಿ.

ಇದರ ಜೊತೆ ಕಣ್ಣಿಗೆ ಬೀಳದ ಇನ್ನೊಂದು ಬದಲಾವಣೆ ಇದೆ. ಹಿಂದಿನ ಚಕ್ರ ಮಾತ್ರ ಎತ್ತರವಾದರೆ ಗಾಡಿಯ ಹಿಂಭಾಗ 30 ಮಿಮೀ ಏರುತ್ತದೆ. ಮೂತಿ ಕೆಳಗಾಗುತ್ತದೆ. ಮುಂದಿನ ಚಕ್ರಗಳ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ಗೂಟ ಹಿಂದಕ್ಕೆ ವಾಲಿರುವ ಕೋನ, ಮುಕ್ಕಾಲು ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನೇರಕ್ಕೆ ಬರುವುದು ನಿಧಾನವಾದರೆ ಕಾರಣ ಹಿಂದಿನ ಟೈರಿನಲ್ಲೇ ಇರಬಹುದು.

## ಮಳೆಯಲ್ಲಿ ಹಿಂಬದಿ ಜಾರುತ್ತದೆ

ನಾಲ್ಕು ಚಕ್ರದ ಕಾರಿನಲ್ಲಿ ಮುಂದಿನ ಟೈರು ನೀರು ಸರಿಸಿದ ದಾರಿಯಲ್ಲೇ ಹಿಂದಿನದು ಬರುತ್ತದೆ. ನಿಮ್ಮ ಹಿಂದಿನ ಚಕ್ರಕ್ಕೆ ಆ ಭಾಗ್ಯ ಇಲ್ಲ. ಅದು ಯಾರೂ ತುಳಿಯದ ನಡುದಾರಿಯಲ್ಲಿ ಓಡುತ್ತದೆ. ಬೇರೆ ಗಾಡಿಗಳಿಂದ ತೊಟ್ಟಿಕ್ಕಿದ ಎಣ್ಣೆ, ಸಣ್ಣ ಜಲ್ಲಿ, ನಿಂತ ನೀರು ಎಲ್ಲ ಅಲ್ಲೇ. ಮುಂದಿನ ಎರಡೂ ಚಕ್ರ ಗುಂಡಿ ತಪ್ಪಿಸಿದರೂ ಹಿಂದಿನದು ಸರಿಯಾಗಿ ಅದರಲ್ಲೇ ಇಳಿಯುತ್ತದೆ.

ಹಾಗಾಗಿ ಮೊದಲು ಹಿಂದಿನ ಟೈರಿನ ವಯಸ್ಸು ನೋಡಿ. ಹಗುರ ಗಾಡಿಯ ಟೈರು ಸವೆದು ಸಾಯುವುದಿಲ್ಲ, ಗಟ್ಟಿಯಾಗಿ ಸಾಯುತ್ತದೆ. ಗೆರೆ ಹೊಸದರಂತೆ ಆಳವಾಗಿಯೇ ಇರುತ್ತದೆ, ರಬ್ಬರು ಮಾತ್ರ ಮರದಂತಾಗಿರುತ್ತದೆ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಪ್ರತಿ ವರ್ಷ ಬಿರುಕು ಹುಡುಕಿ. ಹತ್ತು ದಾಟಿದ್ದರೆ ಬದಲಿಸಿ, ನೋಡಲು ಎಷ್ಟೇ ಚೆನ್ನಾಗಿರಲಿ.

ಆಮೇಲೆ ಅಗಲ. ವಿಮಾನದ ಟೈರುಗಳ ಪರೀಕ್ಷೆಯಿಂದ ಬಂದ ಒಂದು ಒರಟು ಲೆಕ್ಕದ ಪ್ರಕಾರ 30 ಪಿಎಸ್‌ಐ ಟೈರು ನಿಂತ ನೀರಿನ ಮೇಲೆ ತೇಲಲು ಶುರುವಾಗುವುದು ಸುಮಾರು 91 ಕಿಮೀ ವೇಗದಲ್ಲಿ. 20 ಪಿಎಸ್‌ಐ ಇದ್ದರೆ 74ರಲ್ಲೇ. ಹಗುರ ಗಾಡಿಗೆ ಅಗಲ ಟೈರು ಹಾಕಿ, ಮೆತ್ತಗಾಗಲಿ ಅಂತ ಗಾಳಿ ಇಳಿಸಿದರೆ ಬೇಗ ತೇಲುತ್ತದೆ. ಕಿರಿದಾದ ಟೈರು ನೀರು ಕತ್ತರಿಸಿಕೊಂಡು ಹೋಗುತ್ತದೆ.

ಹಾಗಂತ ಹಿಂದೆ ಮುಂದಿನದಕ್ಕಿಂತ ಕಿರಿದು ಹಾಕಲೇಬೇಡಿ. ಒಣ ನೆಲದಲ್ಲೂ ಹಿಂಬದಿ ಸುತ್ತಿಕೊಂಡು ಬರುತ್ತದೆ. ಮೂರೂ ಕಡೆ ಒಂದೇ ಅಳತೆ ಹಾಕುವುದು ಒಳ್ಳೆಯ ಶುರು. ಸ್ಟೆಪ್ನಿ ಒಂದೇ ಸಾಕು ಅನ್ನುವ ಲಾಭವೂ ಇದೆ. ಜೋರು ಇಂಜಿನ್ ಇರುವ ಗಾಡಿಗಳಲ್ಲಿ ಹಿಂದೆ ಅಗಲ ಬೇಕಾಗುತ್ತದೆ: ಮೂರು ಚಕ್ರದ, ಬೈಕಿನಂಥ ಗಾಡಿ ಕ್ಯಾನ್-ಆ್ಯಮ್ ಸ್ಪೈಡರ್‌ಗೆ ಮುಂದೆ 165/55ಆರ್15, ಹಿಂದೆ 225/50ಆರ್15. ಅದಕ್ಕೆ ಜಾರುವುದನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಇದೆ ಅನ್ನುವುದನ್ನು ಮರೆಯಬೇಡಿ.

ಓಡುವಾಗ ಹಿಂದಿನ ಟೈರಿನ ಗಾಳಿ ಹೋದರೆ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ನೇರ ಹಿಡಿದು, ವೇಗ ತಾನೇ ಇಳಿಯಲು ಬಿಟ್ಟು, ಬದಿಗೆ ಸರಿಯಿರಿ.

## ತಿರುವಿನಲ್ಲಿ ಒಳಗಿನ ಚಕ್ರ ಹಗುರಾಗುತ್ತದೆ ಅಥವಾ ಏಳುತ್ತದೆ

ಈ ಲಕ್ಷಣ ಒಂದೇ ಸಲ ಕಂಡರೂ ಗಾಡಿ ರಸ್ತೆಗೆ ತರಬೇಡಿ. ಇಲ್ಲಿ ಅಳತೆ ತಪ್ಪಿದರೆ ಪೆಟ್ಟು ಬೀಳುವುದು ಜೀವಕ್ಕೆ.

ಮೂರು ಚಕ್ರದ ಗಾಡಿ ಮಗುಚುವ ಮುಂಚೆ ಟೈರು ಜಾರಬೇಕು. ಜಾರಿದರೆ ಗಾಡಿ ತಿರುವಿನ ಹೊರಕ್ಕೆ ಸರಿಯುತ್ತದೆ, ವೇಗ ಇಳಿಸಿ ಹಿಡಿಯಬಹುದು. ಟೈರು ಜಾರದೆ ಕಚ್ಚಿ ಹಿಡಿದರೆ ಉಳಿಯುವ ದಾರಿ ಮಗುಚುವುದೊಂದೇ. ಯಾವುದು ಮೊದಲು ಆಗುತ್ತದೆ ಅಂತ ಲೆಕ್ಕ ಹಾಕಬಹುದು. ಮುಂದಿನ ಎರಡು ಟೈರುಗಳ ನಡುವಿನ ಅಂತರದ ಅರ್ಧ ತೆಗೆದುಕೊಳ್ಳಿ. ಒಟ್ಟು ತೂಕದಲ್ಲಿ ಮುಂದಿನ ಎರಡು ಚಕ್ರಗಳ ಪಾಲಿನಿಂದ ಗುಣಿಸಿ. ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಿ. ಗಾಡಿಯ ತೂಕದ ಎಷ್ಟು ಪಾಲಿನ ಅಡ್ಡ ಬಲ ಬಿದ್ದರೆ ಗಾಡಿ ಮಗುಚುತ್ತದೆ ಅನ್ನುವುದೇ ಆ ಉತ್ತರ. ಟೈರಿನ ಹಿಡಿತವನ್ನೂ ಹೀಗೇ ಅಳೆಯುತ್ತಾರೆ.

ನಮ್ಮ ಉದಾಹರಣೆಯಲ್ಲಿ ಅಂತರ 1.4 ಮೀಟರ್, ಅರ್ಧ 0.7. ಮುಂದೆ 450ರಲ್ಲಿ 300 ಕೆಜಿ, ಪಾಲು 0.67. ಭಾರದ ಕೇಂದ್ರ 0.45 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಉತ್ತರ 1.04. ಸಾದಾ ಕಿರಿದು ಟೈರು ಒಣ ರಸ್ತೆಯಲ್ಲಿ ಹಿಡಿಯುವುದು 0.8, 0.9ರ ಆಸುಪಾಸು. ಅಂದರೆ ಮೊದಲು ಜಾರುತ್ತದೆ. ಈಗ ಅದೇ ಗಾಡಿಗೆ ರೇಸಿನ ಮೆತ್ತನೆ ರಬ್ಬರಿನ ಅಗಲ ಟೈರು ಹಾಕಿ. ಹಿಡಿತ 1ರ ಮೇಲೆ ಹೋಗುತ್ತದೆ. ಅದರ ಎತ್ತರವೂ 54 ಮಿಮೀ ಜಾಸ್ತಿ ಇದ್ದರೆ ಇಡೀ ಗಾಡಿ 27 ಮಿಮೀ ಮೇಲೇಳುತ್ತದೆ, 1.04 ಇದ್ದದ್ದು 0.98ಕ್ಕೆ ಇಳಿಯುತ್ತದೆ. ಹಿಡಿತ ಏರಿತು, ಮಗುಚುವ ಮಿತಿ ಇಳಿಯಿತು. ಗಾಡಿಯ ಉಳಿದ ಯಾವುದನ್ನೂ ಮುಟ್ಟಲಿಲ್ಲ, ಬರೀ ಟೈರು ಬದಲಿಸಿದ್ದು.

ಭಾರದ ಕೇಂದ್ರದ ಎತ್ತರ ಖಚಿತವಾಗಿ ಗೊತ್ತಿಲ್ಲದಿದ್ದರೆ ಜಾಸ್ತಿಯೇ ಇದೆ ಅಂದುಕೊಂಡು ಲೆಕ್ಕ ಹಾಕಿ. ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕೂತರೆ ಮುಂದಿನ ಪಾಲು ಇಳಿಯುತ್ತದೆ, ಆ ಲೆಕ್ಕವೂ ಬೇರೆಯಾಗಿ ಮಾಡಿ. ಮುಂದೆ ಒಂದೇ ಚಕ್ರ ಇರುವ ಗಾಡಿಯಲ್ಲಿ ಹಿಂದಿನ ಎರಡು ಚಕ್ರಗಳ ಪಾಲು ತೆಗೆದುಕೊಳ್ಳಬೇಕು. ತಿರುವಿನಲ್ಲಿ ಬ್ರೇಕ್ ಹಿಡಿದರೆ ಭಾರ ಮುಂದಿನ ಒಂಟಿ ಚಕ್ರದ ಮೇಲೆ ಬಿದ್ದು ಮಿತಿ ಇನ್ನೂ ಇಳಿಯುತ್ತದೆ. ಅಂಥ ಗಾಡಿಯವರು ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಬೇಕು.

ಪರೀಕ್ಷೆ ಖಾಲಿ ಬಯಲಿನಲ್ಲಿ ಮಾತ್ರ. ಹೆಲ್ಮೆಟ್, ಬೆಲ್ಟ್ ಇರಲಿ, ದೂರದಲ್ಲಿ ಇನ್ನೊಬ್ಬರು ನಿಂತು ಒಳಚಕ್ರ ನೋಡುತ್ತಿರಲಿ. 15 ಮೀಟರ್ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 30 ಕಿಮೀ ಹೋದರೆ ಅಡ್ಡ ಬಲ ಗಾಡಿಯ ತೂಕದ 0.47 ಪಾಲು. 40ರಲ್ಲಿ ಅದು 0.84. ಹತ್ತೇ ಕಿಮೀ ಏರಿಕೆಗೆ ಬಲ ಎರಡರಷ್ಟರ ಹತ್ತಿರ ಬಂತು. ಆದ್ದರಿಂದ ವೇಗವನ್ನು ಎರಡೆರಡೇ ಕಿಮೀ ಏರಿಸಿ. ಮುಂದಿನ ಟೈರು ಕೀರಲು ಶುರುವಾಗಿ ಗಾಡಿ ವೃತ್ತದ ಹೊರಕ್ಕೆ ಸರಿದರೆ ಸರಿಯಾಗಿದೆ, ಅಲ್ಲಿಗೆ ನಿಲ್ಲಿಸಿ. ಸದ್ದಿಲ್ಲದೆ ಒಳಚಕ್ರ ಹಗುರಾದರೆ ಟೈರು ಕಿರಿದಾಗಬೇಕು, ಗಿಡ್ಡವಾಗಬೇಕು ಅಥವಾ ಗಾಡಿ ಅಗಲವಾಗಬೇಕು. ಚಾಸಿಸ್ ತಿಳಿದ ಇಂಜಿನಿಯರ್ ಒಬ್ಬರಿಗೆ ತೋರಿಸದೆ ಮುಂದುವರಿಯಬೇಡಿ.

## ಸ್ಪೋಕ್ ಮುರಿಯುತ್ತಿವೆ, ಟೈರು ರಿಮ್‌ನಲ್ಲಿ ಸರಿಯಾಗಿ ಕೂರುತ್ತಿಲ್ಲ

ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಅದರ ಚಕ್ರಕ್ಕೆ ಅಡ್ಡ ಹೊಡೆತ ಬೀಳುವುದಿಲ್ಲ. ನಿಮ್ಮ ಗಾಡಿ ವಾಲುವುದಿಲ್ಲ, ಹೊಡೆತ ಪೂರ್ತಿ ಅಡ್ಡಕ್ಕೆ. ಬೈಕಿನ ಸ್ಪೋಕ್ ಚಕ್ರ ಹಾಕಿದ್ದು ಪಿಟೀಲು ಬಾರಿಸಿದಂತೆ ಟಿಣ್ ಟಿಣ್ ಅನ್ನುತ್ತಿದ್ದರೆ ಒಂದೊಂದು ಸ್ಪೋಕನ್ನೂ ಸ್ಪ್ಯಾನರ್‌ನಿಂದ ತಟ್ಟಿ ನೋಡಿ. ಮಂದ ಸದ್ದು ಬಂದದ್ದು ಸಡಿಲ. ಒಂದು ಮುರಿದಿದ್ದರೂ ಮತ್ತೆ ಸ್ಪೋಕ್ ಕಟ್ಟಿಸಬೇಡಿ, ಕಾರಿನ ಸ್ಟೀಲ್ ಅಥವಾ ಅಲಾಯ್ ಚಕ್ರಕ್ಕೆ ಬದಲಿಸಿ. ಬೈಕಿನ ಟೈರಿನ ತಳ ದುಂಡಗಿರುತ್ತದೆ, ವಾಲದ ಗಾಡಿಯಲ್ಲಿ ಅದರ ನಡುವಿನ ಪಟ್ಟಿ ಮಾತ್ರ ಕೆಲಸಕ್ಕೆ ಬರುತ್ತದೆ.

ರಿಮ್ ಅಗಲವೂ ಹೊಂದಬೇಕು. 135 ಟೈರಿಗೆ 3.5ರಿಂದ 4.5 ಇಂಚು ಅಗಲದ ರಿಮ್ ಬೇಕು. ಬೈಕಿನ ಟೈರನ್ನು ಕಾರಿನ ರಿಮ್‌ಗೆ ಕೂರಿಸುವ ಸಾಹಸ ಬೇಡ. ಎರಡರ ಮೇಲೂ ಇಂಚು ಒಂದೇ ಬರೆದಿದ್ದರೂ ಬೀಡ್ ಕೂರುವ ಜಾಗದ ಆಕಾರ ಬೇರೆ. ಕೂರದ ಟೈರಿಗೆ ಗಾಳಿ ತುಂಬುತ್ತಾ ಹೋದರೆ ಅದು ಸಿಡಿಯುತ್ತದೆ. 40 ಪಿಎಸ್‌ಐಗೂ ಬೀಡ್ ಕೂರದಿದ್ದರೆ ಗಾಳಿ ಬಿಟ್ಟು, ದೂರ ಸರಿದು, ಟೈರ್ ಕೆಲಸ ಬಲ್ಲವರ ಕೈಗೆ ಕೊಡಿ.

ಸರಿಯಾದ ಟೈರು, ರಿಮ್ ಕೂತ ಮೇಲೆ ನಟ್‌ಗಳನ್ನು ಎದುರುಬದಿರಾಗಿ ಒಂದೊಂದೇ ಬಿಗಿಯಿರಿ. ಐವತ್ತರಿಂದ ನೂರು ಕಿಮೀ ಓಡಿಸಿ, ಟಾರ್ಕ್ ಸ್ಪ್ಯಾನರ್‌ನಿಂದ ಇನ್ನೊಮ್ಮೆ ನೋಡಿ. ಸುಣ್ಣದ ಗೆರೆಯನ್ನೂ ಅವತ್ತೇ ಮತ್ತೆ ಎಳೆಯಿರಿ, ಹೊಸ ಟೈರಿಗೆ ಹಳೆಯ ಗಾಳಿಯ ಅಂಕಿ ಹೊಂದುವುದು ಅಪರೂಪ.